ಲ್ಯಾಪ್‌ಟಾಪಿಗೊಂದು ಮಖಮಲ್ಲಿನ ದಿಂಬು

ಹಲೋ... ಹಲೋ, ಯಾರು ಮಾತಾಡ್ತಿರೋದು? ಉದಯಗಿರಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ತಾನೇ?... ಹಾಂ, ಸಮೀವುಲ್ಲಾ ಅವ್ರಾ? ಖುದ್ದು ತಾವೇನಾ?... ಒಳ್ಳೇದಾಯ್ತು ಬುಡಿ.

...ನಾನು ಷಡಕ್ಷರಿ ಅಂತ ಕಣ್ರೀ, ಕೃಷ್ಣಮೂರ್ತಿಪುರಂನಿಂದ. ವಧೂವರ ಮಾಹಿತಿ ಕೇಂದ್ರದ ಗೌರವ ಕಾರ್ಯದರ್ಶಿ... ಗೌರವ ಅಂದ್ರೆ ಸಂಬಳ ಇಲ್ಲ ಅಂತ. ಮಿಕ್ಕಿದ್ದು ನೀವೇ ಅರ್ಥ ಮಾಡ್ಕೊಳ್ಳಿ.

...ಬೆಳಗ್ಗೆ ನಮ್ಮ ಆಫೀಸಿನ ಟೈಪಿಸ್ಟ್ ಹುಡುಗಿ, ಗಗನ ಅಂತ, ಒಂದು ಲ್ಯಾಪ್‌ಟಾಪ್ ತಂದುಕೊಟ್ಟಿರ್ಬೇಕಲ್ವಾ? ಮೇಲೆ ಹಳದಿ ಪೈಂಟಲ್ಲಿ ಹೆಸರು ಬರೆದಿರೋದು?... ಅದೇ, ಅದೇ. “ದಿವಂಗತ ನೀಲಮ್ಮನವರ ಜ್ಞಾಪಕಾರ್ಥ, ಮಗ ವಿಶ್ವನಾಥ್, ಸೊಸೆ ಸುಷ್ಮಾ, ಮೊಮ್ಮಗ ಗುರುಕಿರಣ್.”

...ಯಾಕ್ರೀ ನಗ್ತೀರಿ? ದಾನ ಬಂದ ವಸ್ತು ಅಂದ್ಮೇಲೆ ದಾನಿಗಳ ಹೆಸರು ಬೇಡ್ವಾ? ನಮ್ಮಲ್ಲಿ ಟ್ಯೂಬ್‌ಲೈಟ್ ಮೇಲೂ ಇದೆ. ವಂಶದವರನ್ನೆಲ್ಲ ಬರೆದು ಬರೆದು ಬೆಳಕು ಸ್ವಲ್ಪ ಕಮ್ಮಿ, ಅಷ್ಟೆ. ಫ್ಯಾನಿನ ಮೂರು ರೆಕ್ಕೆ ಮೇಲೂ ಮೂರು ಅಣ್ಣತಮ್ಮಂದಿರ ಹೆಸರಿದೆ. ಕರೆಂಟ್ ಹೋದಾಗ ಓದ್ಬಹುದು.

...ಇಲ್ಲ ಇಲ್ಲ, ಲೈನ್ ಚೆನ್ನಾಗಿದೆ, ಕೇಳಿಸ್ತಿದೆ. ಕೇಳಿಸ್ತಿಲ್ಲ ಅನ್ನೋದು ನಾನು ಬೇರೆಯವ್ರಿಗೆ ಹೇಳೋ ಮಾತು. ವರನ ಕಡೆಯವ್ರು ಫೋನ್ ಮಾಡಿ, ಹುಡುಗಿ ಫೋಟೋ ಯಾವ ಕಾಲದ್ದು ಸ್ವಾಮಿ ಅಂತ ಹಿಡ್ಕೊಂಡ್ರೆ, “ಹಲೋ, ಹಲೋ, ಕೇಳಿಸ್ತಿಲ್ಲ” ಅಂತ ಕಟ್ ಮಾಡ್ಬುಡ್ತೀನಿ. ಪಕ್ಕದಲ್ಲಿ ಆ ಗಗನ ಬಾಯಿಗೆ ವೇಲ್ ಅಡ್ಡ ಹಿಡ್ಕೊಂಡು ನಗ್ತಿರ್ತಾಳೆ.

...ಸರಿ, ವಿಷಯಕ್ಕೆ ಬರ್ತೀನಿ. ಈಗ ಮೂರೂಕಾಲು. ನಾಲ್ಕು ಗಂಟೆಗೆ ನಮ್ಮ ಕಾರ್ಯಕಾರಿ ಸಮಿತಿ ಸಭೆ. ಅಷ್ಟರಲ್ಲಿ ತಮ್ಮಿಂದ ಒಂದು ಪತ್ರ ಬೇಕು. ಜಾಸ್ತಿ ಏನಿಲ್ಲ, ನಾಲ್ಕು ಸಾಲು. ಬರ್ಕೊಳ್ತೀರಾ?... ಕೈಲಿ ಸ್ಕ್ರೂಡ್ರೈವರ್ ಇದೆಯಾ? ಎರಡೂ ಕೈ ಕೆಲಸದಲ್ಲಿದೆಯಾ? ಸರಿ ಬುಡಿ, ಕೇಳಿಸ್ಕೊಳ್ಳಿ ಸಾಕು. ಆಮೇಲೆ ಬರೆದು ಫೋಟೋ ಹೊಡೆದು ಕಳ್ಸಿ.

...ಹೇಳ್ತೀನಿ ಕೇಳಿ. “ಸದರಿ ಲ್ಯಾಪ್‌ಟಾಪನ್ನು ಟೈಪಿಸ್ಟ್ ಆದವರು ಬೆಳಗ್ಗೆಯಿಂದ ಸಂಜೆಯವರೆಗೂ ಚಾರ್ಜರ್ ಸಿಗಿಸಿಯೇ ಬಳಸಿದ್ದರಿಂದ ಬ್ಯಾಟರಿ ಉಬ್ಬಿದ್ದು, ಇದಕ್ಕೆ ಅವರ ಅಜಾಗರೂಕತೆಯೇ ಕಾರಣವಾಗಿರುತ್ತದೆ.” ಮುಗೀತು. ಕೆಳಗೆ ರುಜು, ರಬ್ಬರ್ ಸ್ಟಾಂಪು... ಸ್ಟಾಂಪ್ ಇಲ್ವಾ? ಅಂಗಡಿ ಅಂದ್ಮೇಲೆ ಒಂದು ಸ್ಟಾಂಪ್ ಮಾಡಿಸ್ಬಾರ್ದಾ ಸ್ವಾಮಿ!

...ಯಾಕೆ ಅಂದ್ರೆ, ಸಭೆಯ ಮೊದಲನೇ ವಿಷಯನೇ ಅದು. ಆ ಹುಡುಗಿನ ಕೆಲಸದಿಂದ ಬಿಡಿಸೋದು... ನಾನಲ್ಲಪ್ಪ, ಅಧ್ಯಕ್ಷರು. ವಿಶ್ವನಾಥ್ ಅವ್ರು... ಹಾಂ, ಪೈಂಟಲ್ಲಿರೋ ಅದೇ ವಿಶ್ವನಾಥ್. ತಾಯಿ ಹೆಸರಲ್ಲಿ ಕೊಟ್ಟ ಲ್ಯಾಪ್‌ಟಾಪು ಎರಡು ವರ್ಷ ತುಂಬೋದ್ರೊಳಗೆ ಪೂರಿ ಥರ ಉಬ್ಬಿ ಕೂತ್ರೆ ಅವ್ರಿಗೆ ಹೊಟ್ಟೆ ಉರಿಯಲ್ವಾ? ತಪ್ಪಿತಸ್ಥರು ಯಾರು ಅಂತ ಇವತ್ತೇ ಗೊತ್ತಾಗ್ಬೇಕು ಅಂದ್ರು. ತಪ್ಪಿತಸ್ಥರ ಹೆಸರೂ ಅವ್ರೇ ಹೇಳಿದ್ರು. ಪುರಾವೆ ಒದಗಿಸೋದು ಮಾತ್ರ ಕಾರ್ಯದರ್ಶಿ ಕೆಲಸ.

...ಹುಡುಗಿ ಒಳ್ಳೇವಳೇ ಕಣ್ರೀ, ಇಲ್ಲ ಅನ್ನಲ್ಲ. ಮೂರು ವರ್ಷದಿಂದ ಇದಾಳೆ. ಶ್ರೀರಾಂಪುರದಿಂದ ಬಸ್ಸಲ್ಲಿ ಬರ್ತಾಳೆ, ಒಂದಿನ ಲೇಟಾಗಿಲ್ಲ. ತಾಯಿ ಬೆಟ್ಟಮ್ಮ ಮೊಣಕಾಲು ನೋವು ಅಂತ ಕೂತ್ಬುಟ್ಟ ಮೇಲೆ ಇವಳ ಸಂಬಳದಲ್ಲೇ ಮನೆ ನಡೀಬೇಕು... ಗೊತ್ತು, ಗೊತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಗಾದೆ ನನಗೂ ಬರುತ್ತೆ.

...ಏನಂದ್ರಿ? ದಿನಾ ಸಿಗಿಸಿಟ್ಟಿದ್ದು ತಪ್ಪಲ್ಲ ಅಂತೀರಾ?... ಅದು ಹೆಂಗ್ರೀ? ತುಂಬಿದ ಬಿಂದಿಗೆಗೆ ನೀರು ಬಿಡ್ತಾನೇ ಇದ್ರೆ ಚೆಲ್ಲಲ್ವಾ?... ನಲ್ಲಿ ತಾನಾಗೇ ನಿಲ್ಲುತ್ತಾ? ಯಾರೂ ನಿಲ್ಲಿಸದೇನೇ?... ಓಹೋ. ತುಂಬಿದ ಮೇಲೆ ಕರೆಂಟು ನೇರ ಮೆಷಿನ್‌ಗೆ ಹೋಗುತ್ತೆ, ಬ್ಯಾಟರಿ ಸುಮ್ನಿರುತ್ತೆ. ಮೇಜಿನ ಮೇಲೆ ಕೂತು ದಿನವಿಡೀ ಕೆಲಸ ಮಾಡೋರು ಸಿಗಿಸಿಟ್ಟೇ ಮಾಡ್ಬಹುದು ಅಂತೀರಿ.

...ಅಯ್ಯೋ ಸಮೀವುಲ್ಲಾ ಅವ್ರೇ, ಇದನ್ನ ಒಂದು ವರ್ಷದ ಹಿಂದೆ ಹೇಳ್ಬಾರ್ದಾಗಿತ್ತಾ! ಇದೊಂದು ವಿಷಯಕ್ಕೆ ನಮ್ಮಲ್ಲಿ ಮೂರು ಸಭೆ ನಡೆದಿದೆ. ಉಪಾಧ್ಯಕ್ಷ ಸುಂದರೇಶ್ ಅವ್ರು, ನನ್ನ ಫೋನ್ ನೂರಾದ ತಕ್ಷಣ ತೆಗೀತೀನಿ, ಏಳು ವರ್ಷ ಬಂದಿದೆ ಅಂದ್ರು. ಅದಕ್ಕೆ ಮೊದಲನೇ ಠರಾವು: ಅರ್ಧ ಗಂಟೆ ಸಿಗಿಸೋದು, ಅರ್ಧ ಗಂಟೆ ತೆಗೆಯೋದು. ಒಂದು ರಿಜಿಸ್ಟರ್ ಇಟ್ವಿ. ಸಿಗಿಸಿದ ವೇಳೆ, ತೆಗೆದ ವೇಳೆ, ರುಜು, ಷರಾ.

...ನಗ್ಬೇಡಿ. ಪ್ಲಗ್ ಇರೋದು ಕಬ್ಬಿಣದ ಬೀರು ಹಿಂದೆ. ಪಾಪ, ಆ ಹುಡುಗಿ ದಿನಕ್ಕೆ ಹದಿನಾರು ಸಲ ನೆಲದ ಮೇಲೆ ಮಂಡಿಯೂರಿ ಬೀರು ಸಂದಿಗೆ ಕೈ ಹಾಕೋಳು. ಬಂದೋರು, ಏನಮ್ಮ ಕಳ್ಕೊಂಡೆ ಅಂತ ಕೇಳೋರು. ಒಂದಿನ ಮೈಸೂರು ಪಾಕ್ ಡಬ್ಬಿ ಹಿಡ್ಕೊಂಡು ಬಂದ ಬೀಗರ ಹತ್ರ ಮಾತಾಡ್ತಾ ಸಿಗಿಸೋದು ಮರೆತು, ಲ್ಯಾಪ್‌ಟಾಪ್ ಆಫಾಗಿ, ಒಬ್ಬ ವರನ ಓದು ಇನ್ನೊಬ್ಬ ವರನಿಗೆ ಸೇರ್ಕೊಂಡ್ಬುಡ್ತು. ಪಿಯುಸಿ ಫೇಲಾದವನು ಎಂಟೆಕ್ ಆಗ್ಬುಟ್ಟ. ನಿಶ್ಚಿತಾರ್ಥದವರೆಗೂ ಹೋಗಿತ್ತು ಕಣ್ರೀ!

...ಆಮೇಲೇನು, ಎರಡನೇ ಠರಾವು. ಯಾವ ಕಾರಣಕ್ಕೂ ಚಾರ್ಜರ್ ತೆಗೆಯತಕ್ಕದ್ದಲ್ಲ ಅಂತ... ಹಾಂ. ನಮ್ಮದೇ ಠರಾವು... ಹಾಂ, ಅವಳು ಅದನ್ನೇ ಪಾಲಿಸಿದ್ದು. ನೀವು ವಕೀಲರ ಥರ ಕೇಳ್ತೀರಲ್ಲ ಸ್ವಾಮಿ! ಠರಾವು ಮಾಡೋರು ನಾವು, ಪಾಲಿಸೋರು ಅವ್ರು. ಹೆಚ್ಚುಕಮ್ಮಿ ಆದ್ರೆ ಪಾಲಿಸೋದ್ರಲ್ಲೇ ತಾನೇ ಆಗಿರ್ಬೇಕು?

...ಎಂಬತ್ತಾ? ಚಾರ್ಜು ಎಂಬತ್ತು ಪರ್ಸೆಂಟಿಗೇ ನಿಲ್ಲಿಸೋ ಏರ್ಪಾಡು ಒಳಗೇ ಇದೆಯಾ?... ಯಾವಾಗ್ಲೂ ಸಿಗಿಸಿಡೋರು ನೂರು ತುಂಬಿಸ್ಬಾರ್ದು, ಎಂಬತ್ತರಲ್ಲೇ ಇಟ್ರೆ ಬಾಳಿಕೆ ಜಾಸ್ತಿ... ನೋಡಿ, ಅದನ್ನ ನಮ್ಮ ಸಮಿತಿ ಒಪ್ಪಲ್ಲ. ಪೂರ್ತಿ ಲ್ಯಾಪ್‌ಟಾಪ್ ಕೊಟ್ಟಿದ್ದೀನಿ, ಮುಕ್ಕಾಲು ಯಾಕೆ ತುಂಬಿಸ್ತೀರಿ ಅಂತಾರೆ ವಿಶ್ವನಾಥ್... ಅದೂ ನಿಜ. ಜಾತಕದಲ್ಲಿ ಮೂವತ್ತಾರಕ್ಕೆ ಹದಿನೆಂಟು ಗುಣ ಬಂದ್ರೆ ಸಾಕು, ಮುಹೂರ್ತ ಇಡಿ ಅಂತೀವಿ. ಬ್ಯಾಟರಿಗೆ ಮಾತ್ರ ನೂರೇ ಬೇಕು.

...ಯಾರೋ ಹೆಣ್ಣುಮಗಳು ನಕ್ಕ ಹಾಗಾಯ್ತು? ಗಿರಾಕಿನಾ?... ಸರಿ ಸರಿ. ಕೂತಿರ್ಲಿ.

...ಅಲ್ಲಾ, ಸಿಗಿಸಿದ್ದು ತಪ್ಪಲ್ಲ ಅಂದ್ರೆ ಉಬ್ಬಿದ್ದು ಯಾಕೆ? ಅದನ್ನ ಹೇಳಿ... ಬಿಸಿನಾ? ಬಿಸಿ ಎಲ್ಲಿಂದ ಬಂತು? ನಮ್ಮ ಆಫೀಸಲ್ಲಿ ತಣ್ಣಗೆ ಗಾಳಿ ಬರುತ್ತೆ. ಮೂರು ಅಣ್ಣತಮ್ಮಂದಿರು ಮೇಲೆ ತಿರುಗ್ತಾನೇ ಇರ್ತಾರೆ.

...ಲ್ಯಾಪ್‌ಟಾಪಿನ ಹೊಟ್ಟೆ ಕೆಳಗಾ? ಕಿಂಡಿ ಇದೆಯಾ ಅಲ್ಲಿ? ಗಾಳಿ ಒಳಗೆ ಎಳ್ಕೊಳ್ಳೋಕಾ?... ನಾನು ತಿರುಗಿಸಿ ನೋಡೇ ಇಲ್ಲ ಕಣ್ರೀ... ಏನು ಸುತ್ಕೊಂಡಿದೆ? ಒಳಗಿನ ಫ್ಯಾನ್‌ಗಾ?... ಕೆಂಪು ಬಣ್ಣದ ಜೂಲು?

...ಇಲ್ಲ, ಇಲ್ಲೇ ಇದೀನಿ. ಹೇಳಿ.

...ಹತ್ತಿನೂ ಇದೆಯಾ?... ಉಂಡೆ ಉಂಡೆಯಾಗಿ?... ಹೂಂ.

...ಅದು ಮಖಮಲ್ಲು ಇರ್ಬೇಕು. ದಿಂಬಿನದು.

...ಹೌದ್ರೀ, ದಿಂಬು. ಲ್ಯಾಪ್‌ಟಾಪ್ ಕೆಳಗೆ ಒಂದು ದಿಂಬು ಇಟ್ಟಿದ್ವಿ. ಅದಕ್ಕೆ ಕಾರಣ ಇದೆ, ಪೂರ್ತಿ ಕೇಳಿ. ಪೈಂಟರ್ ಜವರಯ್ಯ ಮೊದಲು ಆ ಹೆಸರನ್ನ ಮುಚ್ಚಿದಾಗ ನೆಟ್ಟಗೆ ಕಾಣೋ ಹಾಗೆ ಬರ್ದಿದ್ದ. ತೆರೆದ್ರೆ ನೀಲಮ್ಮನವರು ತಲೆಕೆಳಗು! ಅಳಿಸಿ ಮತ್ತೆ ಬರೆಸಿದ್ವಿ. ತೆರೆದಿಟ್ರೆ ಹೆಸರು ಬಾಗಿಲ ಕಡೆಗೆ. ಅದಕ್ಕೇ ಬೆಳಗ್ಗೆಯಿಂದ ಸಂಜೆವರೆಗೂ ಮುಚ್ಚೋ ಹಾಗಿಲ್ಲ, ಕೆಲಸ ಇರ್ಲಿ ಬಿಡ್ಲಿ. ಆದ್ರೆ ನಮ್ಮ ಮೇಜಿಗೆ ಮುಂದುಗಡೆ ಒಂದು ಮರದ ತಡಿಕೆ ಇದೆ, ಕೆಳಗಿನ ಸಾಲುಗಳಿಗೆ ಅಡ್ಡ ಬರುತ್ತೆ. ವಿಶ್ವನಾಥ್ ಅವ್ರು ವಾಕಿಂಗ್ ಮುಗಿಸಿ ದಿನಾ ಬಂದು ಬಾಗಿಲಲ್ಲಿ ನಿಂತು ನೋಡ್ತಾರೆ. ತಾಯಿ ಹೆಸರು ಕಾಣ್ತಿತ್ತು, ಮಗನ ಹೆಸರು ಕಾಣ್ತಿರ್ಲಿಲ್ಲ.

...ಹೇಳಲಿಲ್ಲ ಅವ್ರು. ದೊಡ್ಡೋರು ಬಾಯಿಬಿಟ್ಟು ಹೇಳ್ತಾರಾ? ಒಂದಿನ ಬಗ್ಗಿ ನೋಡಿದ್ರು, ಇನ್ನೊಂದಿನ ತುದಿಗಾಲಲ್ಲಿ ನಿಂತು ನೋಡಿದ್ರು. ನನಗೆ ಅರ್ಥ ಆಯ್ತು. ಸೋಫಾ ಕವರಿಗೆ ತಂದ ಮಖಮಲ್ಲು ಮನೇಲಿ ಉಳಿದಿತ್ತು. ನಮ್ಮ ಮನೆಯವ್ರ ಕೈಲಿ ಹತ್ತಿ ತುಂಬಿಸಿ ಹೊಲಿಸ್ದೆ. ಸುತ್ತ ಜರಿ ಲೇಸು. ನಾಲ್ಕು ಅಂಗುಲ ಮೇಲೆ ಬಂತು ನೋಡಿ, ಮೊಮ್ಮಗನವರೆಗೂ ಕಂಡ್ಬುಡ್ತು! ವಿಶ್ವನಾಥ್ ಅವ್ರು ಅವತ್ತು ನನ್ನ ಬೆನ್ನು ತಟ್ಟಿದ್ರು.

...ಹಾಂ. ಮೆತ್ತಗಿತ್ತು. ಪೂರ್ತಿ ಒಳಗೆ ಹೂತ್ಕೊಂಡೇ ಕೂತಿರೋದು... ಮೂಗಿಗೆ ದಿಂಬು ಒತ್ತಿದ ಹಾಗಾ? ಅಷ್ಟು ಕೆಟ್ಟದಾಗಿ ಹೇಳ್ಬೇಡಿ ಸ್ವಾಮಿ. ಗೌರವಕ್ಕೆ ಅಂತ ಇಟ್ಟಿದ್ದು.

...ಯಾರೂ ಹೇಳಲಿಲ್ವಾ ಅಂದ್ರೆ? ಬಿಸಿಯಾಗ್ತಿದೆ ಅಂತಾನಾ?... ಇಲ್ಲ. ಯಾರೂ... ತಡೀರಿ. ಆ ಗಗನ ಏನೋ ಒಂದು ಅರ್ಜಿ ಕೊಟ್ಟ ನೆನಪು. ಕಡತ ಇಲ್ಲೇ ಇದೆ, ಒಂದ್ನಿಮಿಷ. ಕನ್ನಡಕ ಎಲ್ಲಿ... ಹಾಂ.

...ಸಿಕ್ತು. ಓದ್ತೀನಿ ಕೇಳಿ. “ಮಾನ್ಯರೇ, ದಿಂಬಿನ ಮೇಲೆ ಇಟ್ಟಾಗಿನಿಂದ ಲ್ಯಾಪ್‌ಟಾಪ್ ಅಂಗೈ ಸುಡುವಷ್ಟು ಬಿಸಿಯಾಗುತ್ತಿದೆ. ಕೆಳಗೆ ಗಾಳಿ ಆಡುತ್ತಿಲ್ಲ. ದಿಂಬಿನ ಬದಲು ಎರಡು ಮರದ ಪಟ್ಟಿ ಇಟ್ಟರೆ ಗಾಳಿಯೂ ಆಡುತ್ತದೆ, ದಾನಿಗಳ ಹೆಸರೂ ಕಾಣುತ್ತದೆ. ಪಟ್ಟಿಗಳನ್ನು ನಾನೇ ಮನೆಯಿಂದ ತರುತ್ತೇನೆ. ದಯವಿಟ್ಟು ಅನುಮತಿ ಕೊಡಬೇಕು.”

...ಅಲ್ವಾ? ಎಷ್ಟು ಚೆನ್ನಾಗಿ ಬರೆದಿದಾಳೆ. ಹೆಸರೂ ಕಾಣುತ್ತೆ ಅಂತ ಅದನ್ನೂ ಯೋಚನೆ ಮಾಡಿದಾಳೆ... ತಾರೀಕಾ? ಜನವರಿ. ಇನ್ನೊಂದಿದೆ ಇಲ್ಲಿ, ಮಾರ್ಚ್‌ದು. “ಈ ಹಿಂದೆ ಕೊಟ್ಟ ಅರ್ಜಿಯನ್ನು ಜ್ಞಾಪಿಸುತ್ತಾ.” ಮತ್ತೊಂದು ಮೇ ತಿಂಗಳದ್ದು. ಇದ್ರಲ್ಲಿ ಬ್ಯಾಟರಿ ಉಬ್ಬಿ ಬೆಂಕಿ ಹತ್ತಬಹುದು ಅಂತ್ಲೂ ಬರೆದಿದಾಳೆ.

...ನನ್ನ ಷರಾ ಇದೆ ಕೆಳಗೆ. ಮೂರಕ್ಕೂ ಒಂದೇ. “ನೋಡಿದೆ. ಕಡತಕ್ಕೆ.”

...ಇಲ್ಲ ಕಣ್ರೀ. ನೋಡಿದೆ ಅಂದ್ರೆ ಓದಿದೆ ಅಂತಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರಿ ಕೆಲಸ ಮಾಡಿದೋನು ನಾನು. ಕಾಗದ ಬಂದ ತಕ್ಷಣ ಕೈ ತಾನಾಗೇ ಬರೆದ್ಬುಡುತ್ತೆ. ಯಾವ ಕಾಗದನೂ ನಮ್ಮ ಮೇಜಿನ ಮೇಲೆ ಒಂದಿನದ ಮೇಲೆ ನಿಂತಿದ್ದಿಲ್ಲ ಅಂತ ಹೆಮ್ಮೆ ಪಡ್ತಿದ್ದೆ.

...ನೋಡಿ, ಹೀಗೆ ಮಾಡಿದ್ರೆ ಹೆಂಗೆ? ಪತ್ರದಲ್ಲಿ ಹುಡುಗಿ ಹೆಸರೂ ಬೇಡ, ದಿಂಬೂ ಬೇಡ. “ಬ್ಯಾಟರಿಯು ವಯೋಸಹಜ ಕಾರಣಗಳಿಂದ ಉಬ್ಬಿರುತ್ತದೆ” ಅಂತ... ಬರೆಯಲ್ವಾ?... ಯಾಕ್ರೀ? ಯಾರಿಗೂ ನೋವಾಗಲ್ಲ... ಕಂಡಿದ್ದನ್ನ ಮಾತ್ರ ಬರೀತೀರಿ. ಸರಿ. ಆದ್ರೆ ನನ್ನ ಕಷ್ಟನೂ ಸ್ವಲ್ಪ ನೋಡಿ. ಈ ಕುರ್ಚಿ ಬಿಟ್ರೆ ನನಗೆ ಹಗಲು ಕಳೆಯೋಕೆ ಬೇರೆ ಜಾಗ ಇಲ್ಲ. ಮನೇಲಿ ಕೂತ್ರೆ, ಹಾಲು ತಂದ್ರಾ, ಗ್ಯಾಸ್ ಬುಕ್ ಮಾಡಿದ್ರಾ. ಇಲ್ಲಿ ನಾಲ್ಕು ಜನ ಕಾರ್ಯದರ್ಶಿಗಳೇ ಅಂತಾರೆ.

...ಹೌದು. ಅವಳಿಗೂ ಬೇರೆ ಜಾಗ ಇಲ್ಲ. ನೀವು ಹೇಳ್ಬೇಕಾಗಿಲ್ಲ. ನಾಚಿಕೆ ಆಗ್ತಿದೆ ಸಮೀವುಲ್ಲಾ ಅವ್ರೇ, ನಿಜವಾಗ್ಲೂ. ಮೂರು ಸಲ ಬರೆದು ಕೊಟ್ಟು, ಕೊನೆಗೆ ಉಬ್ಬಿದ ಲ್ಯಾಪ್‌ಟಾಪನ್ನ ಅವಳ ಕೈಲೇ ಬಸ್ಸಲ್ಲಿ ಕಳಿಸಿದೆನಲ್ಲ. ಕೊಟ್ಟು ಮನೆಗೆ ಹೋಗು, ಸಭೆ ಮುಗಿಯೋವರೆಗೂ ಇತ್ತ ಬರ್ಬೇಡ ಅಂತ ಬೇರೆ ಹೇಳ್ದೆ. ತಲೆ ಆಡಿಸಿ ಹೋದಳು ಆ ಮಗು.

...ಏನು?... ಹೋಗಿಲ್ಲ ಅಂದ್ರೆ?

...ಸ್ಪೀಕರ್‌ಗೆ ಹಾಕಿದೀರಾ? ಯಾವಾಗಿಂದ?... ಮೊದಲಿಂದಲೂನಾ? ಹಲೋ ಅಂದಾಗಿಂದ?... ಹಾಂ, ಎರಡೂ ಕೈ ಕೆಲಸದಲ್ಲಿದೆ ಅಂದ್ರಿ. ನಾನೇ ದಡ್ಡ, ಕೈ ಖಾಲಿ ಇಲ್ದೆ ಫೋನ್ ಹೆಂಗೆ ಹಿಡ್ಕೊಂಡಿದಾರೆ ಅಂತ ಯೋಚನೆ ಮಾಡ್ಲಿಲ್ಲ. ಹಂಗಾದ್ರೆ ಆಗ ನಕ್ಕಿದ್ದು...

...ಗಗನ?

...ಹೂಂ. ಎಲ್ಲಾ ಕೇಳಿಸ್ಕೊಂಡ್ಯಾ?... ಪೂರಿನೂ?... ಅಜಾಗರೂಕತೆನೂ?

...ಮನೆಗೆ ಯಾಕಮ್ಮ ಹೋಗ್ಲಿಲ್ಲ?... ಬಯೋಡೇಟಾ ಎಲ್ಲಾ ಪೆನ್‌ಡ್ರೈವ್‌ಗೆ ಹಾಕಿಸ್ತಿದೀಯಾ? ಐನೂರ ಹನ್ನೆರಡೂನಾ?... ಬ್ಯಾಟರಿ ತೆಗೆದ್ಮೇಲೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ. ನಿನ್ನನ್ನ ಬಿಡಿಸೋಕೆ ಇಲ್ಲಿ ಕುರ್ಚಿ ಹಾಕ್ತಿದೀವಿ, ನೀನು ಅಲ್ಲಿ ನಮ್ಮ ವಧೂವರರನ್ನ ಕಾಪಾಡ್ತಾ ಕೂತಿದೀಯಾ. ಬೈದ್ಬುಡಮ್ಮ ನನ್ನ. ಒಂದ್ಸಲ ಬೈದ್ರೆ ನನಗೂ ಸಮಾಧಾನ.

...ಏನು ಕೇಳಿದೆ?... ಸಭೆಯಲ್ಲಿ ನಿಜ ಹೇಳ್ತೀರಾ ಅಂತಾನಾ?... ಹೇಳ್ತೀನಿ. ನಾನೇ ಹೇಳ್ತೀನಿ. ದಿಂಬಿನ ವಿಷಯ, ಮೂರು ಅರ್ಜಿ ವಿಷಯ... ಹೇಳ್ತೀನಿ ಅಂದ್ನಲ್ಲಮ್ಮ. ವಿಶ್ವನಾಥ್ ಅವ್ರು ಎದುರಿಗಿದ್ರೂ ಹೇಳ್ತೀನಿ. ಅರ್ಜಿಗಳನ್ನೂ ಓದ್ತೀನಿ, ನನ್ನ ಷರಾ ಸಮೇತ.

...ತಡಿ, ಮೆಟ್ಟಿಲ ಮೇಲೆ ಯಾರೋ... ಇನ್ನೂ ಮೂರೂಮುಕ್ಕಾಲು, ಇಷ್ಟು ಬೇಗ ಯಾರು... ಓಹೋ, ಬನ್ನಿ ಬನ್ನಿ ವಿಶ್ವನಾಥ್ ಅವ್ರೇ! ತಮ್ಮ ದಾರಿನೇ ಕಾಯ್ತಿದ್ದೆ. ಕೂತ್ಕೊಳ್ಳಿ, ಫ್ಯಾನ್ ಹಾಕ್ತೀನಿ. ಪತ್ರನಾ? ಬರ್ತಾ ಇದೆ, ಬರ್ತಾ ಇದೆ... ಫೋನಲ್ಲಾ? ಯಾರೂ ಇಲ್ಲ, ಯಾರೋ ವರನ ಕಡೆಯವ್ರು. ಹಲೋ, ಹಲೋ... ಕೇಳಿಸ್ತಿಲ್ಲ...

...

...ಇಲ್ಲ. ಕೇಳಿಸ್ತಿದೆ. ಚೆನ್ನಾಗಿ ಕೇಳಿಸ್ತಿದೆ ಗಗನ, ಇಡ್ಬೇಡಮ್ಮ. ಅಭ್ಯಾಸ ಬಲ ಕಣಮ್ಮ, ಬಾಯಿ ತಾನಾಗೇ ಅಂದ್ಬುಡ್ತು. ನಿನಗೆ ಗೊತ್ತಲ್ಲ ನನ್ನ ನಾಟಕ, ಮೂರು ವರ್ಷದಿಂದ ಪಕ್ಕದಲ್ಲೇ ಕೂತು ನೋಡಿದೀಯ. ಇವತ್ತು ಆಡಲ್ಲ.

...ಏನಂದೆ?... ಹೂಂ, ಇಲ್ಲೇ ಎದುರಿಗೇ ಕೂತಿದಾರೆ. ಈಗ್ಲೇ ಹೇಳ್ತೀನಿ. ನೀನೂ ಕೇಳಿಸ್ಕೋಬೇಕು, ನಾನು ಹೇಳಿದ್ನೋ ಇಲ್ವೋ ಅಂತ ಆಮೇಲೆ ಅನುಮಾನ ಬೇಡ. ಸ್ಪೀಕರ್‌ಗೆ ಹಾಕ್ತೀನಿ. ಯಾವುದಮ್ಮ ಅದು, ಎಲ್ಲಿ ಒತ್ಬೇಕು?... ಕೆಳಗಡೆನಾ? ಈ ಕಡತ ಒಂದು ಅಡ್ಡ, ಕನ್ನಡಕ ಮತ್ತೆ ಎಲ್ಲೋ ಹೋಯ್ತು... ದುಂಡಗಿರೋದಾ? ದೊಡ್ಡದಾಗಿ ಕಾಣ್ತಿದೆ ನೋಡು, ಕೆಂಪುದು. ಹಾಂ, ಒತ್ತಿದೆ.

ವಿಶ್ವನಾಥ್ ಅವ್ರೇ, ಆ ಹುಡುಗಿದು ಏನೂ ತಪ್ಪಿಲ್ಲ. ಚಾರ್ಜರ್ ಸಿಗಿಸಿಡು ಅಂದಿದ್ದು ನಾವು. ದಿಂಬು ಇಟ್ಟು ಲ್ಯಾಪ್‌ಟಾಪಿನ ಉಸಿರು ಕಟ್ಟಿಸಿದ್ದು ನಾನು, ನಿಮ್ಮ ಹೆಸರು ಕಾಣ್ಲಿ ಅಂತ. ಮೂರು ಸಲ ಬರೆದು ಕೊಟ್ಟಿದಾಳೆ, ಓದದೇ ಕಡತಕ್ಕೆ ಹಾಕಿದ್ದೂ ನಾನೇ. ಯಾರನ್ನಾದ್ರೂ ಬಿಡಿಸ್ಬೇಕು ಅಂದ್ರೆ ನನ್ನನ್ನ ಬಿಡಿಸಿ, ಬೇಜಾರಿಲ್ಲ. ಆ ಮಗು ಕೆಲಸ ತೆಗೀಬೇಡಿ.

ಹೇಳ್ದೆ ನೋಡಮ್ಮ. ಕೇಳಿಸ್ತಾ?

ಗಗನ? ಕೇಳಿಸ್ತಾ?

ಹಲೋ... ಹಲೋ? ಅಯ್ಯೋ, ಈ ಸಲ ನಾಟಕ ಅಲ್ಲ ಕಣಮ್ಮ, ನಿಜವಾಗ್ಲೂ... ಹಲೋ?